ಬರೆಯದೆ ಬಿಟ್ಟ ಸಾಲು: 'ಶಿಕಾರಿ', ಕಂಪನಿ ಮತ್ತು ನಮ್ಮ ಕೇರಿ

1

ಹೋದ ಬಂಡಿಹಬ್ಬದ ಹೊತ್ತಿಗೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಕುಮಟೆಗೂ ಹೊನ್ನಾವರಕ್ಕೂ ನಡುವಿನ ಒಂದು ಮುಕ್ರಿ ಕೇರಿಯವಳು. ನಮ್ಮದೇ ಜನ. ಬಿ.ಸಿ.ಎ. ಮುಗಿಸಿ ಬೆಂಗಳೂರಿನ ದೊಡ್ಡ ತಂತ್ರಜ್ಞಾನ ಕಂಪನಿಯೊಂದಕ್ಕೆ ಸೇರಿ ಎರಡು ವರ್ಷವಾಗಿತ್ತು. ಹೇಗಿದೆ ಕೆಲಸ ಎಂದು ಕೇಳಿದೆ.

"ಎಲ್ಲಾ ಚಲೋನೇ ಅದೆ ಸರ್. ಬಾಸ್‌ನೂ ಹೆಸ್ರು ಹಿಡ್ದೇ ಕರೀಬೇಕು. ನಾವೆಲ್ಲಾ ಒಂದೇ ಫ್ಯಾಮಿಲಿ ಅಂತ್ರು. ಆದ್ರೆ ನಾನು ಮಾತ್ರ ಇನ್ನೂವ ಅಪ್ಪ ಫಾರ್ಮರ್ ಅಂತ್ಲೇ ಹೇಳ್ತಾ ಇದ್ದೆ. ಈಗ ಟೀಮಿನ ಒಬ್ಳು ನಿಮ್ಮ ತೋಟ ನೋಡೂಕೆ ಬರ್ತೆ ಅಂತಿದ್ಲು. ಎಂತ ಹೇಳೂದು ಸರ್?"

ಆ ಸುಳ್ಳು ಅವಳದ್ದಲ್ಲ, ನನ್ನದು. ನಮ್ಮ ಕಾಲೇಜಿನಲ್ಲಿ ಅಂತಿಮ ವರ್ಷದವರಿಗೆ ಅಣಕು ಸಂದರ್ಶನ ನಡೆಸುವ ಕೆಲಸ ನನ್ನ ಪಾಲಿನದು. 'ನಿಮ್ಮ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ' ಎಂಬುದು ಅದರ ಮೊದಲ ಪ್ರಶ್ನೆ. ಅವಳ ಅಪ್ಪ ಬೇಸಿಗೆಯಲ್ಲಿ ಚಿರೇಕಲ್ಲು ತೆಗೆಯಲು ಹೋಗುತ್ತಾನೆ, ಮಳೆಗಾಲದಲ್ಲಿ ಇನ್ನೊಬ್ಬರ ಗದ್ದೆಯಲ್ಲಿ ಕೂಲಿ. ಅವಳು ಅದನ್ನು ಇದ್ದ ಹಾಗೆ ಹೇಳಿದಳು. ನಾನು ತಿದ್ದಿದೆ: "ಅಷ್ಟೆಲ್ಲ ಯಾಕೆ, ಫಾರ್ಮರ್ ಅನ್ನು ಸಾಕು." ದಲಿತ ಸಾಹಿತ್ಯದ ಮೇಲೆ ಪ್ರಬಂಧ ಬರೆದು ಸ್ನಾತಕೋತ್ತರ ಪದವಿ ಪಡೆದ ಮೇಷ್ಟರು ಕೊಟ್ಟ ಬುದ್ಧಿವಾದ ಇದು. ಅದು ಕೆಲಸಕ್ಕೂ ಬಂತು. ಈಗ ಅವಳು ಇಲ್ಲದ ತೋಟವೊಂದನ್ನು ಕಾಯುತ್ತ ಕೂತಿದ್ದಾಳೆ.

ಆ ತೋಟ ಎಲ್ಲಿಂದ ಬಂತು ಎಂದು ಹುಡುಕುವುದು ನನ್ನ ಈ ಲೇಖನದ ಉದ್ದೇಶ. ಕಂಪನಿಗಳು ತಮ್ಮ ಬಗ್ಗೆ ತಾವು ಹೇಳಿಕೊಳ್ಳುವ ಮಾತುಗಳು, ಅಂದರೆ 'ಕುಟುಂಬ', 'ಸಂಸ್ಕೃತಿ', 'ಪ್ರತಿಭೆ', 'ಮೋಟಿವೇಷನ್' ಮುಂತಾದವು, ಸಾಹಿತ್ಯ ಕೃತಿಗಳ ಹಾಗೆಯೇ ಓದಿಗೆ ಒಳಪಡಬೇಕಾದ ಪಠ್ಯಗಳು ಎಂದು ನಾನು ನಂಬಿದ್ದೇನೆ. ಜಮೀನ್ದಾರನ ಜಗಲಿಯ ಭಾಷೆಯನ್ನು ನಮ್ಮ ವಿಮರ್ಶೆ ಸಾಕಷ್ಟು ಓದಿದೆ. ಗಾಜಿನ ಕಟ್ಟಡದ ಭಾಷೆಯನ್ನು ಇನ್ನೂ ಅರ್ಥಶಾಸ್ತ್ರದವರಿಗೆ ಬಿಟ್ಟುಕೊಟ್ಟಿದ್ದೇವೆ.

2

ಕಂಪನಿಯ ಒಳಜಗತ್ತನ್ನು ಕನ್ನಡದಲ್ಲಿ ಬರೆದವರು ಯಾರೆಂದು ಹುಡುಕಲು ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ರಸಾಯನ ತಂತ್ರಜ್ಞರಾಗಿ ಮುಂಬಯಿಯ ಉದ್ಯಮ ಜಗತ್ತಿನಲ್ಲೇ ಬದುಕು ಕಳೆದವರು. ಅವರ 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಇನ್ನೂ 'ಐಟಿ' ಎಂಬ ಎರಡಕ್ಷರವೇ ನಮ್ಮ ಕಿವಿಗೆ ಬಿದ್ದಿರದ ಕಾಲದಲ್ಲಿ ಕಂಪನಿಯೊಂದರ ಒಳಗಿನ ಭಯ, ಪಿತೂರಿ, ಬಡ್ತಿಯ ಆಸೆ, ನಗುಮುಖದ ಕ್ರೌರ್ಯ ಎಲ್ಲವನ್ನೂ ಅದು ಕಂಡಿತು. ರಾಸಾಯನಿಕ ಕಂಪನಿಯೊಂದರ ಹಿರಿಯ ತಂತ್ರಜ್ಞ ನಾಗಪ್ಪ ಒಂದು ದಿನ ತನಿಖೆಯ ಹೆಸರಿನಲ್ಲಿ ಕೆಲಸದಿಂದ ದೂರವಿಡಲ್ಪಡುತ್ತಾನೆ. ತನ್ನ ಮೇಲಿನ ಆರೋಪ ನಿಜಕ್ಕೂ ಏನೆಂಬುದು ಅವನಿಗೆ ಸ್ಪಷ್ಟವಿಲ್ಲ. ಮೇಲಧಿಕಾರಿ ಫಿರೋಜ್, ಊರಿನ ಬಾಲ್ಯದ ಗೆಳೆಯ ಶ್ರೀನಿವಾಸ, ಹೀಗೆ ಒಬ್ಬೊಬ್ಬರೂ ಬೇಟೆಗಾರರ ಹಾಗೆ ಕಾಣತೊಡಗುತ್ತಾರೆ.

ನಮ್ಮ ನವ್ಯ ವಿಮರ್ಶೆ ಇದನ್ನು ಆಧುನಿಕ ಮನುಷ್ಯನ ಅಸ್ತಿತ್ವದ ಸಂಕಟ ಎಂದು ಓದಿತು. ಪ್ರಗತಿಪರರು ಬಂಡವಾಳಶಾಹಿಯ ಅಮಾನವೀಯತೆ ಎಂದರು. ಎರಡೂ ಸುಳ್ಳಲ್ಲ. ಹಾಗೆ ನೋಡಿದರೆ, ಮೊನ್ನೆ ಮೊನ್ನೆ 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಕಂಪನಿ ತನ್ನ ಮೈಸೂರು ಕ್ಯಾಂಪಸ್ಸಿನಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿನಿರತರನ್ನು, ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಹೊರಕಳಿಸಿದಾಗ, ಸುದ್ದಿ ಓದುತ್ತ ನನಗೆ ನೆನಪಾದವನು ನಾಗಪ್ಪನೇ. ಅವರಲ್ಲಿ ಎಷ್ಟೋ ಮಂದಿ 2022ರಲ್ಲಿ ಪದವಿ ಮುಗಿಸಿ, ನೇಮಕದ ಪತ್ರ ಹಿಡಿದು ಎರಡು ವರ್ಷ ಕಾದವರು.

ಆದರೆ ಕೇರಿಯಿಂದ 'ಶಿಕಾರಿ' ಓದುವವನಿಗೆ ಬೇರೆ ಒಂದು ಪ್ರಶ್ನೆ ಏಳುತ್ತದೆ. ನಾಗಪ್ಪನ ಸಂಕಟದ ಬೇರು ಎಲ್ಲಿದೆ? ತಾನು ಒಳಗಿನವನು ಎಂದು ನಂಬಿದ್ದ ಜಾಗದಲ್ಲಿ ಹೊರಗಿನವನಾದೆನಲ್ಲ ಎಂಬಲ್ಲಿದೆ. ತನ್ನ ಅಪರಾಧವೇನೆಂದು ತಿಳಿಯದೆ ಅವನು ಒದ್ದಾಡುತ್ತಾನೆ. ನಮ್ಮವರಿಗೆ ಆ ಗೊಂದಲವೇ ಇಲ್ಲ. ನಮ್ಮ ಅಪರಾಧ ನಾವು ಗೇಟು ದಾಟುವ ಮೊದಲೇ ನಮಗೆ ಗೊತ್ತಿರುತ್ತದೆ. ಅದು ಹುಟ್ಟು. ಬೇಟೆಯಾಗುವ ಭಯ ನಾಗಪ್ಪನಿಗೆ ನಡುವಯಸ್ಸಿನಲ್ಲಿ ಬಂತು. ನನ್ನ ವಿದ್ಯಾರ್ಥಿನಿಗೆ ಅದು ಅರ್ಜಿಯ ಜೊತೆಗೇ ಬಂದಿತ್ತು, ಅದೂ ಮೇಷ್ಟರ ಕೈಯಿಂದ.

ಇನ್ನೂ ಒಂದು ಮಾತು. ನಾಗಪ್ಪನಿಗೆ ಚಿತ್ತಾಲರು ಎಷ್ಟು ದೊಡ್ಡ ಒಳಮನಸ್ಸು ಕೊಟ್ಟಿದ್ದಾರೆ! ಅವನ ಒಂದೊಂದು ಅನುಮಾನಕ್ಕೂ ಪುಟಗಟ್ಟಲೆ ಜಾಗವಿದೆ. ಅದೇ ಕಚೇರಿಯ ನೆಲ ಒರೆಸುವವನ ಮನಸ್ಸಿಗೆ ಕಾದಂಬರಿ ಇಳಿಯುವುದಿಲ್ಲ. ಇದನ್ನು ಚಿತ್ತಾಲರ ಮೇಲಿನ ದೂರೆಂದು ಹೇಳುತ್ತಿಲ್ಲ. ಬರೆದವನು ತಾನು ಕಂಡದ್ದನ್ನು ಬರೆದ, ಪ್ರಾಮಾಣಿಕವಾಗಿ ಬರೆದ. ನನ್ನ ದೂರು ಇರುವುದು ನಾಗಪ್ಪನನ್ನು 'ಮನುಷ್ಯ' ಎಂಬ ಒಂದೇ ಪದದಲ್ಲಿ ಮುಗಿಸಿದ ವಿಮರ್ಶಕರ ಮೇಲೆ. ಯಾವ ಮನುಷ್ಯ, ಯಾವ ಓಣಿಯವನು ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

3

ಕಂಪನಿ ಲೋಕದ ಇನ್ನೊಂದು ಪ್ರಸಿದ್ಧ ಕಥನ ಸುಧಾ ಮೂರ್ತಿಯವರದು. 1974ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದಾಗ ಟೆಲ್ಕೊ ಕಂಪನಿಯ ಜಾಹೀರಾತು ಕಂಡರು. ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂಬ ಒಂದು ಸಾಲು ಅದರಲ್ಲಿತ್ತು. ಸಿಟ್ಟಿಗೆದ್ದು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ನಮ್ಮ ಕಾಲೇಜುಗಳ ವ್ಯಕ್ತಿತ್ವ ವಿಕಸನ ಶಿಬಿರಗಳಿಗೆ ಬರುವ ಭಾಷಣಕಾರರು ಹುರುಪು ತುಂಬಲು ಹೇಳುವ ಕತೆಗಳಲ್ಲಿ ಇದೂ ಒಂದು. ಧೈರ್ಯದ ಕತೆ ಹೌದು, ನಾನೂ ತರಗತಿಯಲ್ಲಿ ಹೇಳಿದ್ದೇನೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಕತೆ ಸಾಧ್ಯವಾದದ್ದು ಆ ಅನ್ಯಾಯ ಅಚ್ಚಾಗಿದ್ದರಿಂದ. ಸಾಲು ಕಣ್ಣೆದುರು ಇತ್ತು, ಬೆರಳಿಟ್ಟು ತೋರಿಸಬಹುದಿತ್ತು. ಪೋಸ್ಟ್‌ಕಾರ್ಡಿಗೆ ಒಂದು ವಿಳಾಸವೂ ಇತ್ತು. 'ದಲಿತರು ಅರ್ಜಿ ಹಾಕಬೇಕಾಗಿಲ್ಲ' ಎಂದು ಯಾವ ಕಂಪನಿಯಾದರೂ ಅಚ್ಚು ಹಾಕಿದೆಯೆ? ಹಾಕುವುದಿಲ್ಲ. ಸಂವಿಧಾನದ 17ನೆಯ ವಿಧಿ ಬಂದ ಮೇಲೆ ಆ ಸಾಲು ಕಾಗದದಿಂದ ಅಳಿಸಿಹೋಯಿತು. ಅಳಿಸಿದ ಸಾಲು ಎಲ್ಲಿಗೆ ಹೋಯಿತು ಎಂಬುದೇ ಪ್ರಶ್ನೆ.

2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಒಂದು ಸರಳ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಪತ್ರಿಕೆಯ ಜಾಹೀರಾತುಗಳಿಗೆ ಒಂದೇ ಬಗೆಯ ವಿದ್ಯಾರ್ಹತೆಯ ಅರ್ಜಿಗಳನ್ನು ಹಾಕಿದರು. ಬೇರೆಯಿದ್ದದ್ದು ಹೆಸರು ಮಾತ್ರ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನೇ ಮಾತಾಡಿಸಿದರು. ಅವರೆಲ್ಲ ತಾವು ನೋಡುವುದು ಪ್ರತಿಭೆ ಮಾತ್ರ ಎಂದರು. ಆಮೇಲೆ, 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳುವುದು ಮುಖ್ಯ ಎಂದೂ ಹೇಳಿದರು! ಅಪ್ಪ ಏನು ಮಾಡುತ್ತಾನೆ, ಮನೆಯಲ್ಲಿ ಓದಿದವರೆಷ್ಟು, ಊರು ಯಾವುದು. ಜಾತಿಯ ಹೆಸರೆತ್ತದೆ ಜಾತಿಯನ್ನು ತಿಳಿದುಕೊಳ್ಳುವ ದಾರಿ ಇದು. ಅಳಿಸಿದ ಸಾಲು ಸಂದರ್ಶನದ ಕೋಣೆಯಲ್ಲಿ ಪ್ರಶ್ನೆಯಾಗಿ ಕೂತಿತ್ತು. ನನ್ನ ಅಣಕು ಸಂದರ್ಶನದ ಮೊದಲ ಪ್ರಶ್ನೆಯೂ ಅದೇ ಅಲ್ಲವೆ?

ಭಟ್ಕಳದ ಹುಡುಗರನ್ನು ಕೇಳಿ. ಅವರಿಗೆ ಹೆಸರೊಂದೇ ಅಲ್ಲ, ಊರೇ ಒಂದು ಪ್ರಶ್ನೆ. ಅಂಜುಮನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಅರ್ಜಿಯಲ್ಲಿ ಊರಿನ ಜಾಗದಲ್ಲಿ 'ಉತ್ತರ ಕನ್ನಡ' ಎಂದಷ್ಟೇ ಬರೆಯುತ್ತಿದ್ದ. ಜಿಲ್ಲೆ ದೊಡ್ಡದು, ಅಡಗಿಕೊಳ್ಳಲು ಜಾಗವಿದೆ ಎಂದು ನಗುತ್ತಿದ್ದ. ನನ್ನ ವಿದ್ಯಾರ್ಥಿನಿ 'ಫಾರ್ಮರ್' ಎಂಬ ಪದದೊಳಗೆ ಅಡಗಿದಳು, ಅವನು ಜಿಲ್ಲೆಯೊಳಗೆ ಅಡಗಿದ.

ಇದರ ಇನ್ನೊಂದು ತುದಿಯನ್ನೂ ನೋಡಬೇಕು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ ಇಡೀ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುಮಾಡಿತು. ನಾರಾಯಣ ಮೂರ್ತಿ ಮತ್ತು ಸುಧಾ ಮೂರ್ತಿ ದಂಪತಿ ಅದರಲ್ಲಿ ಭಾಗವಹಿಸಲಿಲ್ಲ. ತಾವು ಯಾವ ಹಿಂದುಳಿದ ಸಮುದಾಯಕ್ಕೂ ಸೇರಿದವರಲ್ಲ, ಆದ್ದರಿಂದ ತಮ್ಮ ಮಾಹಿತಿಯಿಂದ ಸರ್ಕಾರಕ್ಕೆ ಪ್ರಯೋಜನವಿಲ್ಲ ಎಂಬರ್ಥದ ಒಕ್ಕಣೆ ಬರೆದುಕೊಟ್ಟರೆಂದು ವರದಿಯಾಯಿತು. ಭಾಗವಹಿಸುವುದು ಕಡ್ಡಾಯವಲ್ಲವೆಂದು ಹೈಕೋರ್ಟು ಹೇಳಿತ್ತು. ಹಾಗಾಗಿ ಅದು ಅವರ ಹಕ್ಕು. ಆದರೆ ಒಂದು ಪಠ್ಯವಾಗಿ ಆ ಒಕ್ಕಣೆಯನ್ನು ಓದಿ. ಜಾತಿ ಎಂಬುದು ಕೆಳಗಿನವರ ಸೊತ್ತು, ಲೆಕ್ಕ ಅವರದ್ದು ಮಾತ್ರ ಆಗಬೇಕು ಎಂಬ ಗ್ರಹಿಕೆ ಅದರಲ್ಲಿದೆ. ಮೇಲಿದ್ದವರಿಗೆ ಇರುವುದು ಪ್ರತಿಭೆ, ಪರಿಶ್ರಮ, ಮೌಲ್ಯ. ನಮ್ಮ ಹುಡುಗಿಗೆ ಜಾತಿ ಮರೆಸಲು ಒಂದು ಸುಳ್ಳು ಬೇಕಾಯಿತು, ಅವರಿಗೆ ಜಾತಿ ಇಲ್ಲದಿರಲು ಒಂದು ಸಹಿ ಸಾಕಾಯಿತು.

4

ಕಂಪನಿಯೊಳಗಿನ ದಲಿತನ ಕತೆ ಎಲ್ಲಿದೆ? ನನಗೆ ಸಿಕ್ಕಿದ ಬಹು ಮುಖ್ಯ ಪಠ್ಯ ಕಾದಂಬರಿಯಲ್ಲ, ಒಂದು ದಾವೆಯ ಅರ್ಜಿ. 2020ರ ಜೂನಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನ್ಯಾಯಯುತ ಉದ್ಯೋಗ ಇಲಾಖೆ ಸಿಸ್ಕೊ ಕಂಪನಿಯ ಮೇಲೆ ಜಾತಿ ತಾರತಮ್ಯದ ಮೊಕದ್ದಮೆ ಹೂಡಿತು. ಅದರ ಕೇಂದ್ರದಲ್ಲಿದ್ದವನು ಐಐಟಿಯಲ್ಲಿ ಓದಿದ ದಲಿತ ಎಂಜಿನಿಯರ್. ಅವನು ಮೀಸಲಾತಿಯಲ್ಲಿ ಸೀಟು ಪಡೆದವನು ಎಂಬ ಸಂಗತಿಯನ್ನು ಅವನ ಮೇಲಧಿಕಾರಿ ಸಹೋದ್ಯೋಗಿಗಳಿಗೆ ಹೇಳಿದ, ದೂರು ಕೊಟ್ಟ ಮೇಲೆ ಅವನನ್ನು ಮೂಲೆಗುಂಪು ಮಾಡಲಾಯಿತು ಎಂಬುದು ಆರೋಪ. ಕಂಪನಿ ಅದನ್ನು ಅಲ್ಲಗಳೆಯಿತು. ಇಬ್ಬರು ಮೇಲಧಿಕಾರಿಗಳ ಮೇಲಿನ ದಾವೆಯನ್ನು 2023ರಲ್ಲಿ ಇಲಾಖೆಯೇ ಕೈಬಿಟ್ಟಿತು, ಕಂಪನಿಯ ಮೇಲಿನದು ಮುಂದುವರಿಯಿತು. ಅದೇ ವರ್ಷ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಒಪ್ಪಿದರೂ ರಾಜ್ಯಪಾಲರು ತಡೆದರು.

ನ್ಯಾಯಾಲಯದ ತೀರ್ಪು ನನ್ನ ವಿಷಯವಲ್ಲ. ನನ್ನನ್ನು ಕಾಡಿದ್ದು ಆ ಅರ್ಜಿಯಲ್ಲಿ ಅವನಿಗಿರುವ ಹೆಸರು: ಜಾನ್ ಡೋ. ಅಮೆರಿಕದ ಕೋರ್ಟುಗಳಲ್ಲಿ ಗುರುತು ಮುಚ್ಚಬೇಕಾದವರಿಗೆ ಇಡುವ ಹುಸಿ ಹೆಸರು. ಗುರುತು ತಿಳಿದರೆ ಊರಲ್ಲಿರುವ ಮನೆಯವರಿಗೂ ತೊಂದರೆ ಎಂಬ ಭಯ. 'ಶಿಕಾರಿ'ಯ ನಾಗಪ್ಪನಿಗೆ ಹೆಸರಿದೆ, ಊರಿದೆ, ಬಾಲ್ಯವಿದೆ, ನೆನಪಿದೆ. ದಲಿತ ಎಂಜಿನಿಯರ್ ತನ್ನ ಕತೆಯನ್ನು ಹೇಳಿಕೊಳ್ಳಬೇಕಾದರೆ ಮೊದಲು ತನ್ನ ಹೆಸರನ್ನು ಬಿಟ್ಟುಕೊಡಬೇಕು. ಸಾವಿರಾರು ಮೈಲಿ ದೂರ ಹೋದರೂ, ಐಐಟಿಯ ಪದವಿ ಕೈಯಲ್ಲಿದ್ದರೂ.

ಇದನ್ನು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ದ ಪಕ್ಕದಲ್ಲಿಟ್ಟು ನೋಡಬೇಕು. 1994ರಲ್ಲಿ ಬಂದ ಆ ಆತ್ಮಕಥನ ಮೀಸಲಾತಿ ಪಡೆದವರನ್ನು ಹಂಗಿಸುವ ಮಾತನ್ನೇ ತನ್ನ ತಲೆಬರಹವಾಗಿ ಎತ್ತಿಕೊಂಡಿತು. ಬೈಗುಳವನ್ನು ಹೆಸರಾಗಿ ಧರಿಸಿ ಎದುರಿಗೆ ನಿಲ್ಲುವ ಎದೆಗಾರಿಕೆ ಅದರದು. ಸಿಸ್ಕೊ ಅರ್ಜಿಯಲ್ಲಿರುವ ಹಂಗಿಸುವಿಕೆಯೂ ಅದೇ, 'ಮೀಸಲಾತಿಯಲ್ಲಿ ಬಂದವನು' ಎಂದು. ಆದರೆ 1994ರಲ್ಲಿ ಬಿಜಾಪುರ ಸೀಮೆಯ ಒಬ್ಬ ಮೇಷ್ಟರು ತನ್ನ ಹೆಸರು ಹಾಕಿ ಹೇಳಿದ್ದನ್ನು 2020ರಲ್ಲಿ ಅಮೆರಿಕದ ಎಂಜಿನಿಯರ್ ಹೆಸರು ಮುಚ್ಚಿ ಹೇಳಬೇಕಾಯಿತು. ಯಾಕೆ? ಮಾಲಗತ್ತಿಯವರ ಹಿಂದೆ ಒಂದು ಚಳುವಳಿ ಇತ್ತು. ದಲಿತ ಸಂಘರ್ಷ ಸಮಿತಿಯಿತ್ತು, ಓದುಗರಿದ್ದರು, ಮೀಸಲಾತಿ ಎಂಬ ಬರೆದಿಟ್ಟ ಹಕ್ಕು ಇತ್ತು. ಕಂಪನಿಯೊಳಗಿನವನ ಹಿಂದೆ ಇರುವುದು 'ಫ್ಯಾಮಿಲಿ' ಒಂದೇ.

5

ಹಾಗಾದರೆ ಈ ಫ್ಯಾಮಿಲಿ ಎಂದರೇನು? ನಮ್ಮ ಕಡೆಯ ಹಿರಿಯರಿಗೆ ಈ ಮಾತು ಹೊಸತಲ್ಲ. ಒಡೆಯರ ಮನೆಯಲ್ಲಿ ದುಡಿಯುವವರೂ 'ಮನೆಯವರೇ' ಆಗಿದ್ದರು. ಹಬ್ಬಕ್ಕೆ ಒಂದು ಪಡಿ ಅಕ್ಕಿ, ಹಳೇ ಸೀರೆ, ಗೆರಟೆಯಲ್ಲಿ ಚಾ. ಕೊಟ್ಟದ್ದೆಲ್ಲ ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಕೇಳುವ ಹಾಗಿರಲಿಲ್ಲ. 1940ರ ದಶಕದಲ್ಲಿ ದಿನಕರ ದೇಸಾಯಿಯವರು ಈ ಜಿಲ್ಲೆಯಲ್ಲಿ ರೈತರನ್ನು ಸಂಘಟಿಸಿದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು. ಕೂಲಿಯವರಾದ ನಮ್ಮವರಿಗೆ ತೋರಿಸಲು ಗೇಣಿ ಚೀಟಿಯೇ ಇರಲಿಲ್ಲ. ಅಲ್ಲೂ ಅದೇ, ಬರೆಯದೆ ಬಿಟ್ಟ ಸಾಲು. 'ಮನೆಯವ'ನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ನನ್ನ ಮಾತನ್ನು ಅಪಾರ್ಥ ಮಾಡಿಕೊಳ್ಳಬಾರದು. ಊರೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಊರು ಬಿಡಿ ಎಂದು ಅಂಬೇಡ್ಕರ್ ಹೇಳಿದ್ದಕ್ಕೆ ಕಾರಣವಿದೆ. ಆ ಹುಡುಗಿ ತಿಂಗಳ ಮೊದಲ ವಾರ ಬ್ಯಾಂಕಿಗೆ ಬೀಳುವ ಸಂಬಳದಲ್ಲಿ ಕೇರಿಯ ಮನೆಗೆ ಹೆಂಚು ಹಾಕಿಸಿದ್ದಾಳೆ. ಕ್ಯಾಂಟೀನಿನಲ್ಲಿ ಅವಳ ಲೋಟ ಬೇರೆಯಿಲ್ಲ. ಇನ್ಫೋಸಿಸ್‌ನಂಥ ಕಂಪನಿ 1990ರ ದಶಕದಲ್ಲೇ ನೌಕರರಿಗೂ ಷೇರು ಹಂಚಿತು. ಇವೆಲ್ಲ ಸಣ್ಣ ಸಂಗತಿಗಳಲ್ಲ. ಒಡೆಯರ ಜಗಲಿಗಿಂತ ಗಾಜಿನ ಕಟ್ಟಡ ಎಷ್ಟೋ ಮೇಲು. ಆದರೆ ಮೇಲು ಎನ್ನುವುದಕ್ಕೂ ಸಮಾನ ಎನ್ನುವುದಕ್ಕೂ ವ್ಯತ್ಯಾಸವಿದೆ. ಅದೇ ಕಟ್ಟಡದ ಪಾಯಖಾನೆ ತೊಳೆಯುವವರು, ಗೇಟು ಕಾಯುವವರು ಗುತ್ತಿಗೆಯವರು. ಅವರ ಕೊರಳಪಟ್ಟಿಯ ಬಣ್ಣವೇ ಬೇರೆ ಎಂದು ಅವಳೇ ಹೇಳಿದಳು. "ಫ್ಯಾಮಿಲಿ ಫೋಟೋಕ್ಕೆ ಅವ್ರನ್ನ ಕರೀಲಿಲ್ಲ ಸರ್" ಎಂದಳು. ಜಾತಿ ಎಂದರೆ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ವಾದಿಸಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಹುರುಪಿನ ಮಾತು. 2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರು 90 ಗಂಟೆಯ ಮಾತಾಡಿದರು. ಇದನ್ನು ದೇಶಪ್ರೇಮವೆಂದು ಚಪ್ಪಾಳೆ ತಟ್ಟಿದವರು ಇನ್ನೊಂದು ಅಂಕಿಯನ್ನು ಮರೆತರು: 48. 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು ಅಂಬೇಡ್ಕರ್. 1946ರ ಕಾರ್ಖಾನೆ ಕಾಯ್ದೆಯ ತಿದ್ದುಪಡಿಯಿಂದ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಆರು ದಿನಕ್ಕೆ ದಿನವೊಂದಕ್ಕೆ ಎಂಟು ಗಂಟೆ. 70 ಎಂದರೆ ಸುಮಾರು ಹನ್ನೊಂದೂ ಮುಕ್ಕಾಲು ಗಂಟೆ. ಆ ಉಳಿದ ಹೊತ್ತಿನಲ್ಲಿ ಅನ್ನ ಬೇಯಿಸುವವರು, ಬಟ್ಟೆ ಒಗೆಯುವವರು, ಮಗುವನ್ನು ನೋಡಿಕೊಳ್ಳುವವರು ಬೇರೆ ಯಾರೋ ಇದ್ದವನಿಗೆ ಮಾತ್ರ ಆ ಲೆಕ್ಕ ಹೊಂದುತ್ತದೆ. ಅವ್ವನಿಗೆ ಹೇಳಿದರೆ ನಕ್ಕಾಳು. ನಸುಕಿಗೆ ಎದ್ದು ರಾತ್ರಿ ಒಲೆ ಆರಿಸುವವಳ ಗಂಟೆಗಳನ್ನು ಯಾರು ಎಣಿಸಿದ್ದಾರೆ?

ಅದೇ 1946ರಲ್ಲಿ ಇನ್ನೊಂದು ಕಾಯ್ದೆಯೂ ಬಂತು, ಸ್ಥಾಯಿ ಆದೇಶಗಳ ಕಾಯ್ದೆ. ಕೆಲಸದ ನಿಯಮಗಳನ್ನು ಮಾಲೀಕ ಬರೆದಿಡಬೇಕು, ಸರ್ಕಾರದಿಂದ ಪ್ರಮಾಣೀಕರಿಸಿಕೊಳ್ಳಬೇಕು, ಕಾರ್ಮಿಕನಿಗೆ ಅದು ಕಾಣುವಂತಿರಬೇಕು ಎನ್ನುವುದು ಅದರ ತಿರುಳು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಕೆಲವು ಷರತ್ತು ಹಾಕಿ ಅದರಿಂದ ವಿನಾಯಿತಿ ಕೊಟ್ಟಿತು. 2014ರಲ್ಲಿ ಕೊಟ್ಟದ್ದನ್ನು 2019ರಲ್ಲಿ, ಮತ್ತೆ 2024ರಲ್ಲಿ ಮುಂದುವರಿಸಿತು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಇದನ್ನು ವಿರೋಧಿಸುತ್ತ ಬಂತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯ್ದೆಯೇ ಸರಿದುಹೋಯಿತು. ಬರೆದಿಡುವುದರ ಬೆಲೆ ತಿಳಿದವರಿಗೆ ಇದರ ಅರ್ಥ ತಿಳಿಯುತ್ತದೆ. ನಿಯಮ ಬರೆದಿರದ ಕಡೆ 'ಸಂಸ್ಕೃತಿ' ಬರುತ್ತದೆ. ಹಕ್ಕು ಇರದ ಕಡೆ 'ಮೋಟಿವೇಷನ್' ಬರುತ್ತದೆ.

6

ನಾನು ಹೇಳುತ್ತಿರುವುದು ಇಷ್ಟೆ. ದಲಿತ ವಿಮರ್ಶೆ ಈವರೆಗೆ ಬರೆದದ್ದನ್ನು ಓದಿ ಅದರಲ್ಲಿ ನಾವೆಲ್ಲಿ ಎಂದು ಕೇಳಿತು. ಅದು ಅಗತ್ಯವಾಗಿತ್ತು. ಇನ್ನು ಮುಂದೆ ಬರೆಯದೆ ಬಿಟ್ಟದ್ದನ್ನು ಓದುವುದನ್ನೂ ಕಲಿಯಬೇಕು. ನೇಮಕಾತಿಯ ಪ್ರಶ್ನೆ, ನೌಕರರ ಕೈಪಿಡಿ, ಫ್ಯಾಮಿಲಿ ಫೋಟೋ, ಗೌರವಾನ್ವಿತರ ಒಕ್ಕಣೆ, ಇವೆಲ್ಲ ನಮ್ಮ ಪಠ್ಯಗಳು. ಕಂಪನಿಗಳಲ್ಲಿರುವ ನಮ್ಮ ಹುಡುಗ ಹುಡುಗಿಯರು ಬರೆಯಬೇಕು. ಹೆಸರು ಹಾಕಿ ಬರೆಯಲು ಧೈರ್ಯ ಮಾಡಿ ಎಂದು ದೂರದಲ್ಲಿ ಕೂತು ಉಪದೇಶಿಸುವುದು ಸುಲಭ. ಹಾಗೆ ಬರೆದವರ ಬೆನ್ನಿಗೆ ನಿಲ್ಲುವ ಸಂಘಟನೆ ಇರಬೇಕಲ್ಲ? ಖಾಸಗಿ ವಲಯದ ಮೀಸಲಾತಿ ಬೇಡಿಕೆಯನ್ನು ವರ್ಷಕ್ಕೊಂದು ಭಾಷಣಕ್ಕೆ ಸೀಮಿತ ಮಾಡಿದ ನಮ್ಮ ಸಂಘಟನೆಗಳು ಇದಕ್ಕೆ ಉತ್ತರ ಹೇಳಬೇಕು. ನಾನೂ ಹೇಳಬೇಕು.

ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. "ನನ್ನದು ತಪ್ಪಾಯ್ತು, ನಾನು ಹಾಗೆ ಹೇಳಿಕೊಡಬಾರದಿತ್ತು" ಎಂದೆ. ಅವಳು ಬ್ಯಾಗು ಹೆಗಲಿಗೇರಿಸುತ್ತ, "ಇರ್ಲಿ ಸರ್, ಆಗ ನಿಜ ಹೇಳಿದ್ರೆ ಕೆಲ್ಸ ಸಿಗ್ತಿತ್ತಾ ಇಲ್ವಾ ಅಂತ ನಿಮ್ಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ" ಎಂದಳು. ನಾನು ಓದಿದ ವಿಮರ್ಶೆಯಲ್ಲೆಲ್ಲ ಇಷ್ಟು ನಿಖರವಾದ ಮಾತು ನನಗೆ ಸಿಕ್ಕಿಲ್ಲ. ಗೊತ್ತಾಗದ ಹಾಗೆ ಇಡುವುದೇ ಆ ಬರೆಯದ ಸಾಲಿನ ಕೆಲಸ.

ಈ ವರ್ಷ ನಮ್ಮ ಕಾಲೇಜಿನ ಅಣಕು ಸಂದರ್ಶನದಿಂದ ನಾನು ಆ ಮೊದಲ ಪ್ರಶ್ನೆಯನ್ನು ತೆಗೆದಿದ್ದೇನೆ. ನಿಜವಾದ ಸಂದರ್ಶನದಲ್ಲಿ ಅದು ಇದ್ದೇ ಇರುತ್ತದೆ, ಅವರನ್ನು ಅದಕ್ಕೆ ತಯಾರು ಮಾಡುವುದು ಬೇಡವೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಈಗ ನಾವು ಅದನ್ನು ಬೇರೆ ಒಂದು ತರಗತಿಯಲ್ಲಿ, ಪಾಠವಾಗಿ ಓದುತ್ತಿದ್ದೇವೆ. ಈ ಪ್ರಶ್ನೆ ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ, ಇದರಲ್ಲಿ ಬಿಟ್ಟುಹೋದ ಪದ ಯಾವುದು ಎಂದು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ. ಎರಡನೆಯ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತು, ಅಪ್ಪ ಏನು ಮಾಡುತ್ತಾನೆಂದು ಇದ್ದ ಹಾಗೆ ಹೇಳಿದ.